ಪಿಎ ಆದವರಿಗೆ ಡಾಕ್ಟರೇಟ್ ಬೇಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಊರು ಹಾಸನ. ಮೈಸೂರಿನಲ್ಲಿ ಬಿಎಸ್‌ಸಿ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದೆ. ಇಲ್ಲಿ ಮತ್ತೆ ಓದಿ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ) ಆದೆ, ಅಂದರೆ ಡಾಕ್ಟರ್‌ಗಳ ಜೊತೆ ಸೇರಿ ರೋಗಿಗಳನ್ನು ನೋಡಿ ಔಷಧಿ ಬರೆಯುವ ಕೆಲಸ. ಒಂಬತ್ತು ವರ್ಷದಿಂದ ನಾರ್ತ್ ಕೆರೊಲಿನಾದ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಜೊತೆ ಓದಿದ ಇಬ್ಬರು ಆನ್‌ಲೈನ್‌ನಲ್ಲಿ ಡಿಎಮ್‌ಎಸ್‌ಸಿ, ಅಂದರೆ ಡಾಕ್ಟರ್ ಆಫ್ ಮೆಡಿಕಲ್ ಸೈನ್ಸ್ ಮುಗಿಸಿದ್ದಾರೆ. ನನಗೂ ಸೀಟು ಸಿಕ್ಕಿದೆ. ಒಂದೂವರೆ ವರ್ಷದ ಕೋರ್ಸ್, ಸುಮಾರು 30,000 ಡಾಲರ್ ಖರ್ಚು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಮುಂದೆ ಎಲ್ಲ ಪಿಎಗಳಿಗೂ ಡಾಕ್ಟರೇಟ್ ಕಡ್ಡಾಯ ಆಗುತ್ತೆ, ಈಗಲೇ ಮಾಡಿಕೊಳ್ಳದಿದ್ರೆ ಹಿಂದೆ ಉಳೀತೀಯ ಅಂತ ಗೆಳತಿ ಹೇಳುತ್ತಾಳೆ. ಕಳೆದ ಸಲ ಊರಿಗೆ ಹೋದಾಗ ನಮ್ಮ ಸೋದರಮಾವ ಎಲ್ಲರ ಎದುರು "ಅಸಿಸ್ಟೆಂಟ್ ಅಂದ್ರೆ ಕಾಂಪೌಂಡರ್ ಥರಾನಾ?" ಅಂತ ಕೇಳಿದರು. ಅದೂ ಮನಸ್ಸಿನಿಂದ ಹೋಗಿಲ್ಲ. ಈ 15ರೊಳಗೆ ಡೆಪಾಸಿಟ್ ಕಟ್ಟಬೇಕು. ಕಟ್ಟಲಾ?
ಹೆಸರು ಬೇಡ, ರಾಲಿ

ಉತ್ತರ: ಮೊದಲು ನಿಮ್ಮ ಗೆಳತಿಯ ಮಾತಿಗೆ ಬರುತ್ತೇನೆ. ನಿಮ್ಮನ್ನು ಅವಸರಕ್ಕೆ ದೂಡುತ್ತಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ.

ಇವತ್ತು ಅಮೆರಿಕದ ಯಾವ ರಾಜ್ಯದಲ್ಲೂ ಪಿಎ ಲೈಸೆನ್ಸ್‌ಗೆ ಡಾಕ್ಟರೇಟ್ ಕೇಳುವುದಿಲ್ಲ. ಎಆರ್‌ಸಿ-ಪಿಎ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿರಬೇಕು, ಪ್ಯಾನ್ಸ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಪಾಸಾಗಿರಬೇಕು, ಅಷ್ಟೇ. ಆಮೇಲೆ ಎರಡು ವರ್ಷಕ್ಕೊಮ್ಮೆ 100 ಸಿಎಂಇ (ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವ ಕಲಿಕೆ) ಕ್ರೆಡಿಟ್, ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಇದನ್ನೆಲ್ಲ ನೀವು ಮಾಡಿಕೊಂಡೇ ಬಂದಿದ್ದೀರಿ. ಮಾಸ್ಟರ್ಸ್ ಕೂಡ ಎಲ್ಲ ಕಾಲೇಜುಗಳಿಗೂ ಕಡ್ಡಾಯ ಆಗಿದ್ದು ಮೊನ್ನೆ ಮೊನ್ನೆ, 2020ರ ಹೊತ್ತಿಗೆ. ಅದಕ್ಕೆ ಮುಂಚೆ ಬರೀ ಸರ್ಟಿಫಿಕೇಟ್ ಅಥವಾ ಬ್ಯಾಚುಲರ್ ಪದವಿ ಪಡೆದು ಪಿಎ ಆದವರು ಸಾವಿರಾರು ಜನ ಇದ್ದಾರೆ. ನಾನೂ ಪಿಎಯೇ, ಅವರಲ್ಲಿ ಕೆಲವರು ನನಗೆ ಹೊಲಿಗೆ ಹಾಕುವುದನ್ನು ಕಲಿಸಿದವರು. ಮಾಸ್ಟರ್ಸ್ ಕಡ್ಡಾಯ ಆದ ದಿನ ಅವರ ಲೈಸೆನ್ಸ್ ಹೋಗಲಿಲ್ಲ.

ಬೇರೆ ವೃತ್ತಿಗಳಲ್ಲಿ ಏನಾಯಿತು ನೋಡಿ. ಫಾರ್ಮಸಿಯಲ್ಲಿ 2000ರಿಂದ ಹೊಸಬರಿಗೆ ಫಾರ್ಮ್‌ಡಿ ಅನ್ನುವ ಡಾಕ್ಟರೇಟ್ ಬೇಕೇ ಬೇಕು ಅಂತಾಯಿತು. ಫಿಸಿಯೋಥೆರಪಿಯಲ್ಲಿ 2015ರ ಕೊನೆಯೊಳಗೆ ಎಲ್ಲ ಕಾಲೇಜುಗಳೂ ಡಿಪಿಟಿ ಡಾಕ್ಟರೇಟ್‌ಗೆ ಬದಲಾಗಬೇಕಾಯಿತು. ಅರಿವಳಿಕೆ ಕೊಡುವ ನರ್ಸ್ ಆಗಬೇಕು ಅನ್ನುವವರು 2022ರ ಜನವರಿಯಿಂದ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು. ಇಷ್ಟು ಕೇಳಿದರೆ ನಿಮ್ಮ ಗೆಳತಿಯ ಮಾತು ಸರಿ ಅನ್ನಿಸಬಹುದು. ಆದರೆ ಈ ಮೂರರಲ್ಲೂ ನಿಯಮ ಬಂದಿದ್ದು ಹೊಸದಾಗಿ ಓದಲು ಸೇರುವವರಿಗೆ. ಹಳೆಯ ಬಿಫಾರ್ಮ್‌ನವರು ಮೆಡಿಕಲ್ ಶಾಪ್‌ಗಳಲ್ಲಿ ಕೆಲಸ ಮುಂದುವರಿಸಿದರು. ಹಳೆಯ ಫಿಸಿಯೋಗಳೂ ಅಷ್ಟೇ. ಇನ್ನು ನರ್ಸ್ ಪ್ರಾಕ್ಟೀಷನರ್‌ಗಳ (ಎನ್‌ಪಿ), ಅಂದರೆ ಹೆಚ್ಚು ಓದಿ ತಾವೇ ರೋಗಿ ನೋಡಿ ಔಷಧಿ ಬರೆಯುವ ನರ್ಸ್‌ಗಳ ಕಥೆ ಬೇರೆಯೇ ಇದೆ. ಅವರ ಕಾಲೇಜುಗಳ ಸಂಘ 2004ರಲ್ಲೇ ಎಲ್ಲರಿಗೂ ಡಿಎನ್‌ಪಿ ಅನ್ನುವ ನರ್ಸಿಂಗ್ ಡಾಕ್ಟರೇಟ್ ಆಗಬೇಕು ಅಂದಿತು, 2015ರ ಗಡುವನ್ನೂ ಇಟ್ಟಿತು. ಆ ಗಡುವು ದಾಟಿ ಹತ್ತು ವರ್ಷ ಆಯಿತು. ಇವತ್ತಿಗೂ ಮಾಸ್ಟರ್ಸ್ ಮಾಡಿ ಎನ್‌ಪಿ ಆಗಬಹುದು.

ಪಿಎಗಳಲ್ಲಿ ಈ ಚರ್ಚೆ ಹೊಸದೇನಲ್ಲ. 2009ರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ಇದಕ್ಕೇ ಅಂತ ದೊಡ್ಡ ಸಭೆ ಸೇರಿತ್ತು. ವೃತ್ತಿಗೆ ಬರುವವರಿಗೆ ಮಾಸ್ಟರ್ಸ್ ಸಾಕು, ಡಾಕ್ಟರೇಟ್ ಕಡ್ಡಾಯ ಬೇಡ ಅನ್ನುವುದು ಆ ಸಭೆಯ ತೀರ್ಮಾನ. ಆಮೇಲೆ ಗಾಳಿ ಸ್ವಲ್ಪ ಬದಲಾಗಿದೆ, ಒಪ್ಪುತ್ತೇನೆ. ಈಗಾಗಲೇ ಕೆಲಸದಲ್ಲಿರುವ ಪಿಎಗಳಿಗಾಗಿ ಡಿಎಮ್‌ಎಸ್‌ಸಿ ಕೋರ್ಸ್‌ಗಳು ಒಂದರ ಹಿಂದೆ ಒಂದು ಶುರುವಾಗಿವೆ. ಆದರೂ ಕಡ್ಡಾಯ ಅನ್ನುವುದು ನಾಳೆ ಬಂದರೂ ಅದು ನಾಳೆ ಸೇರುವ ಹುಡುಗ ಹುಡುಗಿಯರಿಗೆ. ಒಂಬತ್ತು ವರ್ಷ ಕೆಲಸ ಮಾಡಿದ ನಿಮ್ಮನ್ನು ಮನೆಗೆ ಕಳಿಸುವುದಕ್ಕಲ್ಲ. ಭಯಕ್ಕೆ 30,000 ಡಾಲರ್ ಕಟ್ಟಬೇಡಿ.

ಈಗ ದುಡ್ಡಿನ ವಿಷಯ. ನಮ್ಮವರು ಇದನ್ನು ಬಾಯಿಬಿಟ್ಟು ಕೇಳಲು ಸಂಕೋಚ ಪಡುತ್ತಾರೆ. ನೀವೂ ನೇರವಾಗಿ ಕೇಳಿಲ್ಲ. ಆದರೆ ಇಬ್ಬರು ಮಕ್ಕಳಿರುವ ಮನೆಯಲ್ಲಿ ಅದನ್ನು ಕೇಳಲೇಬೇಕು.

ಎಮರ್ಜೆನ್ಸಿಯಲ್ಲಿ ನಿಮಗೆ ಸಂಬಳ ಬರುವುದು ಗಂಟೆ ಲೆಕ್ಕದಲ್ಲಿ, ಅಥವಾ ನೋಡಿದ ರೋಗಿಗಳ ಲೆಕ್ಕದಲ್ಲಿ. ಆಸ್ಪತ್ರೆಗೆ ನಿಮ್ಮಿಂದ ಬರುವ ಹಣವೂ ಪದವಿ ನೋಡಿ ಬದಲಾಗುವುದಿಲ್ಲ. ಪಿಎ ನೋಡಿದ ರೋಗಿಗೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಕೊಡುವುದು ಡಾಕ್ಟರ್ ದರದ ಶೇಕಡಾ 85. ಡಿಎಮ್‌ಎಸ್‌ಸಿ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಹೆಚ್ಚು ಹಣ ಬರದ ಪದವಿಗೆ ಆಸ್ಪತ್ರೆ ಯಾಕೆ ಹೆಚ್ಚು ಸಂಬಳ ಕೊಡಬೇಕು? ಕೆಲವು ಕಡೆ ಚಿಕ್ಕದೊಂದು ಹೆಚ್ಚಳ ಕೊಡುತ್ತಾರೆ, ಇಲ್ಲ ಅಂತಲ್ಲ. ನಿಮ್ಮಲ್ಲಿ ಕೊಡುತ್ತಾರಾ ಅನ್ನುವುದನ್ನು ಎಚ್‌ಆರ್‌ಗೆ ಒಂದು ಇಮೇಲ್ ಬರೆದು ಕೇಳಿ. ಉತ್ತರವೂ ಇಮೇಲ್‌ನಲ್ಲೇ ಬರಲಿ. ಕಾರಿಡಾರ್‌ನಲ್ಲಿ ನಿಂತು "ನೋಡೋಣ, ಖಂಡಿತ ಏನಾದ್ರೂ ಮಾಡೋಣ" ಅಂದಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಮೇ ಲೆಕ್ಕದಲ್ಲಿ ಪಿಎಗಳ ಮಧ್ಯದ ವಾರ್ಷಿಕ ಸಂಬಳ 1,30,020 ಡಾಲರ್. ಮೂರು ವರ್ಷ ಓದಿ ಡಿಪಿಟಿ ಅನ್ನುವ ಡಾಕ್ಟರೇಟ್ ಪಡೆದು ಬರುವ ವೃತ್ತಿ ಫಿಸಿಯೋಥೆರಪಿಯದು. ಅದೇ ಲೆಕ್ಕದಲ್ಲಿ ಅವರದ್ದು 99,710 ಡಾಲರ್. ಎರಡೂ ಬೇರೆ ಬೇರೆ ಕೆಲಸ, ಪಕ್ಕ ಪಕ್ಕ ಇಟ್ಟು ತೂಗುವುದು ಪೂರ್ತಿ ನ್ಯಾಯ ಅಲ್ಲ. ಆದರೂ ಹೆಸರಿನ ಮುಂದೆ ಡಾಕ್ಟರ್ ಬಂದ ಕೂಡಲೇ ಸಂಬಳ ತಾನಾಗಿ ಏರುತ್ತದೆ ಅನ್ನುವ ನಂಬಿಕೆ ಎಷ್ಟು ಸಡಿಲ ಅಂತ ಇದರಿಂದ ಗೊತ್ತಾಗುತ್ತದೆ.

30,000 ಡಾಲರ್ ಬರೀ ಫೀಸು. ಸಮಯದ ಲೆಕ್ಕ ಬೇರೆ ಇದೆ. ವಾರಕ್ಕೆ 15 ಗಂಟೆ ಓದು ಅಂತ ಇಟ್ಟುಕೊಳ್ಳಿ. ಒಂದೂವರೆ ವರ್ಷಕ್ಕೆ ಸಾವಿರ ಗಂಟೆ ದಾಟಿತು. ಅದು ನಿಮ್ಮ ನಿದ್ದೆಯಿಂದ ಬರಬೇಕು, ಇಲ್ಲವೇ ಮಕ್ಕಳ ಭಾನುವಾರದಿಂದ ಬರಬೇಕು. ನಾನು ಇದನ್ನು ಕೆಲಸದ ಜೊತೆ ಓದಿದವಳಾಗಿ ಹೇಳುತ್ತಿದ್ದೇನೆ.

ಹೌದು, ನಾನು ಡಾಕ್ಟರೇಟ್ ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ನಿಮಗೆ ಬೇಡ ಅನ್ನುವುದು ಸರಿಯಲ್ಲ. ಹನ್ನೊಂದು ವರ್ಷ ಪೂರ್ತಿ ಆಸ್ಪತ್ರೆಯಲ್ಲೇ ದುಡಿದ ಮೇಲೆ ಒಂದು ಪಿಎ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ಮೊದಲ ವರ್ಷದಲ್ಲೇ ಒಂದು ವಿಷಯ ಅರ್ಥವಾಯಿತು. ತರಗತಿಯಲ್ಲಿ ನನ್ನ ಅನುಭವಕ್ಕೆ ಬೆಲೆ ಇತ್ತು. ಆದರೆ ಕೋರ್ಸ್ ಹೇಗಿರಬೇಕು, ಯಾರನ್ನು ಸೇರಿಸಿಕೊಳ್ಳಬೇಕು, ಸಂಶೋಧನೆಗೆ ಹಣ ಯಾರಿಗೆ ಅಂತ ತೀರ್ಮಾನ ಆಗುವ ಕೋಣೆಯಲ್ಲಿ ನನಗೆ ಕುರ್ಚಿ ಇರಲಿಲ್ಲ. ಅಲ್ಲಿ ಕೂತವರಿಗೆಲ್ಲ ಡಾಕ್ಟರೇಟ್ ಇತ್ತು. ಹಾಗಾಗಿ ಶಿಕ್ಷಣದಲ್ಲಿ ಡಾಕ್ಟರೇಟ್ ಮಾಡಿದೆ, ಇಡಿಡಿ. ನಾಲ್ಕು ವರ್ಷ ಹಿಡಿಯಿತು. ಪರೀಕ್ಷೆ ಹೇಗೆ ಕೊಡಬೇಕು, ವಿದ್ಯಾರ್ಥಿ ಯಾಕೆ ಫೇಲ್ ಆಗುತ್ತಾನೆ, ಕೈಯಲ್ಲಿ ಮಾಡುವ ಕೆಲಸವನ್ನು ಹೇಗೆ ಅಳೆಯಬೇಕು ಅಂತ ಓದಿದೆ. ಮಾರನೇ ವಾರವೇ ಅದನ್ನು ನನ್ನ ತರಗತಿಯಲ್ಲಿ ಬಳಸುತ್ತಿದ್ದೆ. ಬಡ್ತಿ ಸಿಕ್ಕಿತು, ಆ ಕೋಣೆಯಲ್ಲಿ ಕುರ್ಚಿಯೂ ಸಿಕ್ಕಿತು. ಆ ನಾಲ್ಕು ವರ್ಷದ ಬಗ್ಗೆ ನನಗೆ ಬೇಸರ ಇಲ್ಲ.

ಆದರೆ ನಾನು ಈಗಲೂ ತಿಂಗಳಿಗೆ ನಾಲ್ಕು ಶಿಫ್ಟ್ ಆಸ್ಪತ್ರೆಯಲ್ಲಿ ಮಾಡುತ್ತೇನೆ. ಅಲ್ಲಿ ಏನೂ ಬದಲಾಗಲಿಲ್ಲ. ಅದೇ ಸಂಬಳ, ಅದೇ ಅಧಿಕಾರ, ಎದೆನೋವು ಅಂತ ಬಂದವರಿಗೆ ಅದೇ ಇಸಿಜಿ. ಬದಲಾಗಬೇಕು ಅಂತ ನಾನು ಕಾಯಲೂ ಇಲ್ಲ. ಯಾಕೆಂದರೆ ನಾನು ಓದಿದ್ದು ಅದಕ್ಕಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಗೆಳತಿ ಏನು ಹೇಳಿದಳು, ಮಾವ ಏನು ಕೇಳಿದರು, ಖರ್ಚೆಷ್ಟು, ಗಡುವು ಯಾವಾಗ, ಎಲ್ಲ ಇದೆ. ಆ ಕೋರ್ಸಿನಲ್ಲಿ ನೀವು ಏನು ಕಲಿಯಬೇಕು ಅಂತಿದ್ದೀರಿ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಮುಗಿಸಿದ ಮರುದಿನ ಯಾವ ಹೊಸ ಕೆಲಸಕ್ಕೆ ಹೋಗುತ್ತೀರಿ ಅನ್ನುವುದೂ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇದು.

ಹೆಚ್ಚಿನ ಡಿಎಮ್‌ಎಸ್‌ಸಿಗಳಲ್ಲಿ ಕಲಿಸುವುದು ಸಂಶೋಧನಾ ಲೇಖನಗಳನ್ನು ಓದಿ ಅಳೆಯುವುದು, ಆಸ್ಪತ್ರೆ ಆಡಳಿತ, ಆರೋಗ್ಯ ನೀತಿ, ತಂಡ ನಡೆಸುವುದು, ಪಾಠ ಮಾಡುವ ವಿಧಾನ. ಕೊನೆಗೆ ಒಂದು ಪ್ರಾಜೆಕ್ಟ್. ಇವು ಒಳ್ಳೆಯ ವಿಷಯಗಳೇ. ಆದರೆ ಉಸಿರಾಟದ ನಳಿಕೆ ಹಾಕುವ ನಿಮ್ಮ ಕೈ ಇನ್ನಷ್ಟು ಚುರುಕಾಗಬೇಕು ಅಂದರೆ ಅದು ಆನ್‌ಲೈನ್ ಕೋರ್ಸಿನಲ್ಲಿ ಆಗುವುದಿಲ್ಲ. ಎಮರ್ಜೆನ್ಸಿಯಲ್ಲೇ ಮುಂದೆ ಹೋಗುವ ಆಸೆ ಇದ್ದರೆ ನಿಮಗೆ ಬೇರೆ ದಾರಿಗಳಿವೆ. ಪಿಎಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ ಎನ್‌ಸಿಸಿಪಿಎ 2011ರಿಂದ ಸಿಎಕ್ಯೂ ಅನ್ನುವ ವಿಶೇಷ ಅರ್ಹತಾ ಪತ್ರ ಕೊಡುತ್ತಿದೆ. ಶುರುವಾದಾಗಿನಿಂದಲೂ ಅದರಲ್ಲಿ ಎಮರ್ಜೆನ್ಸಿ ಮೆಡಿಸಿನ್ ಇದೆ. ಆ ವಿಭಾಗದಲ್ಲಿ ಕೆಲಸ ಮಾಡಿದ ಅನುಭವ ತೋರಿಸಬೇಕು, ಅದಕ್ಕೇ ಸೇರಿದ ಸಿಎಂಇ ಮಾಡಿರಬೇಕು, ಪರೀಕ್ಷೆ ಬರೆಯಬೇಕು. ಒಂಬತ್ತು ವರ್ಷದ ನಿಮಗೆ ಅನುಭವದ ಭಾಗ ಮುಗಿದೇ ಹೋಗಿದೆ. ಖರ್ಚು ನೀವು ಹೇಳಿದ ಮೊತ್ತದ ಒಂದು ಸಣ್ಣ ಪಾಲು. ಹಾಸಿಗೆ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ ಕಲಿಯಿರಿ. ಅಪಘಾತದ ಗಾಯಾಳುಗಳಿಗಾಗಿ ಇರುವ ಎಟಿಎಲ್‌ಎಸ್ ಇನ್ನೂ ಮಾಡಿಲ್ಲದಿದ್ದರೆ ಮಾಡಿ. ಪಿಎಗಳಿಗೆ ಒಂದು ವರ್ಷ, ಒಂದೂವರೆ ವರ್ಷದ ರೆಸಿಡೆನ್ಸಿಗಳೂ (ಆಸ್ಪತ್ರೆಯಲ್ಲೇ ದುಡಿಯುತ್ತ ಪಡೆಯುವ ತರಬೇತಿ) ಇವೆ. ಆದರೆ ಅವು ಹೊಸಬರಿಗೆ ಹೆಚ್ಚು ಉಪಯೋಗ, ಸಂಬಳವೂ ಕಡಿಮೆ. ನಿಮ್ಮಷ್ಟು ಅನುಭವ ಆದವರಿಗೆ ನಾನು ಹೇಳುವುದಿಲ್ಲ.

ಎನ್‌ಪಿಗಳಿಗೆ ಸ್ವಾತಂತ್ರ್ಯ ಜಾಸ್ತಿ ಇದೆ, ಅವರ ಹತ್ತಿರ ಡಾಕ್ಟರೇಟ್ ಇದೆ, ನಾವೂ ಮಾಡಿದರೆ ನಮಗೂ ಸಿಗುತ್ತದೆ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಇದು ನಮ್ಮ ನಡುವೆ ಬಹಳ ಓಡಾಡುವ ಮಾತು. ಎನ್‌ಪಿಗಳು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ತಾವೇ ಸ್ವತಂತ್ರವಾಗಿ ಕೆಲಸ ಮಾಡುವ ಹಕ್ಕು ಪಡೆದರು, ನಿಜ. ಆದರೆ ಅದು ಡಿಎನ್‌ಪಿಯಿಂದ ಬಂದಿದ್ದಲ್ಲ. ಆ ಕಾನೂನುಗಳಲ್ಲಿ ಹಕ್ಕು ಸಿಕ್ಕಿದ್ದು ಮಾಸ್ಟರ್ಸ್ ಮಾಡಿದ ಎನ್‌ಪಿಗೂ ಸೇರಿ. ಅವರು ವರ್ಷಗಟ್ಟಲೆ ಒಂದೊಂದು ರಾಜ್ಯದ ಶಾಸನಸಭೆಯ ಬಾಗಿಲು ತಟ್ಟಿದರು. ಪಿಎಗಳ ವಿಷಯದಲ್ಲೂ ಹಾಗೇ ಆಗುತ್ತಿದೆ. ನಾರ್ತ್ ಡಕೋಟ 2019ರಲ್ಲಿ ಡಾಕ್ಟರ್ ಜೊತೆಗಿನ ಲಿಖಿತ ಒಪ್ಪಂದದ ನಿಯಮವನ್ನು ಹೆಚ್ಚಿನ ಪಿಎಗಳಿಗೆ ತೆಗೆಯಿತು. ನಿಮ್ಮ ನಾರ್ತ್ ಕೆರೊಲಿನಾದ 2025ರ ಕಾನೂನು ಕೂಡ ತಂಡದಲ್ಲಿ ಕೆಲಸ ಮಾಡುವ ಅನುಭವಿ ಪಿಎಗಳಿಗೆ ಮೇಲ್ವಿಚಾರಣೆಯ ನಿಯಮ ಸಡಿಲಿಸಿತು. ಅದು ಕೇಳುವುದು 4,000 ಗಂಟೆಗಳ ಅನುಭವ. ಡಾಕ್ಟರೇಟ್ ಅಲ್ಲ. ಆ ಗಂಟೆಗಳನ್ನು ನೀವು ಯಾವಾಗಲೋ ದಾಟಿದ್ದೀರಿ.

ಇದಕ್ಕೆ ಉಲ್ಟಾ ಪ್ರಯತ್ನವೂ ಒಮ್ಮೆ ನಡೆದಿದೆ. ಟೆನೆಸ್ಸಿಯಲ್ಲಿ 2017ರಲ್ಲಿ, ಡಾಕ್ಟರ್ ಆಫ್ ಮೆಡಿಕಲ್ ಸೈನ್ಸ್ ಮಾಡಿದವರಿಗೇ ಬೇರೆ ಥರದ ಲೈಸೆನ್ಸ್ ಕೊಡಬೇಕು ಅಂತ ಮಸೂದೆ ತಂದರು. ಅದು ಕಾನೂನು ಆಗಲಿಲ್ಲ.

ಹಾಗಾದರೆ ಈ ಪದವಿ ಯಾರಿಗೆ? ಪಿಎ ಕಾಲೇಜಿನಲ್ಲಿ ಪೂರ್ತಿ ಸಮಯ ಪಾಠ ಮಾಡಿ ಮೇಲೆ ಬರಬೇಕು ಅನ್ನುವವರಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೂಡ ಯಾವುದು ಅಂತ ಯೋಚಿಸಬೇಕು. ಸಂಶೋಧನೆಯೇ ಮುಖ್ಯ ಅಂದರೆ ಪಿಎಚ್‌ಡಿ ಬೇಕು. ಅದಕ್ಕೆ ನಾಲ್ಕರಿಂದ ಆರು ವರ್ಷ ಹಿಡಿಯುತ್ತದೆ, ಹಲವು ಕಡೆ ಫೀಸ್ ಇರುವುದಿಲ್ಲ, ಅವರೇ ಒಂದಿಷ್ಟು ಹಣ ಕೊಡುತ್ತಾರೆ. ಕಲಿಸುವುದೇ ಮುಖ್ಯ ಅಂದರೆ ಇಡಿಡಿ. ಈಗಿರುವ ಕೆಲಸ ಬಿಡದೆ ಬೇಗ ಮುಗಿಯಬೇಕು ಅಂದರೆ ಡಿಎಮ್‌ಎಸ್‌ಸಿ. ನಿಮ್ಮ ಕಣ್ಣು ಯಾವ ಕಾಲೇಜಿನ ಮೇಲಿದೆಯೋ ಅಲ್ಲಿನ ಡೀನ್‌ಗೆ ನೇರವಾಗಿ ಕೇಳಿ, ಡಿಎಮ್‌ಎಸ್‌ಸಿ ಇದ್ದವರಿಗೆ ಬಡ್ತಿಯ ದಾರಿ ಇದೆಯಾ ಅಂತ. ಕೆಲವು ವಿಶ್ವವಿದ್ಯಾಲಯಗಳು ಅದನ್ನು ಪಿಎಚ್‌ಡಿಗೆ ಸಮ ಅಂತ ನೋಡುವುದಿಲ್ಲ. ಆಸ್ಪತ್ರೆಯ ದೊಡ್ಡ ಆಡಳಿತ ಹುದ್ದೆಗೆ ಹೋಗುವವರಿಗೂ ಪದವಿ ಸಹಾಯ ಮಾಡಬಹುದು, ಆದರೆ ಅಲ್ಲಿ ಎಂಬಿಎ, ಎಂಎಚ್‌ಎ (ಆರೋಗ್ಯ ಆಡಳಿತದ ಮಾಸ್ಟರ್ಸ್) ಕೂಡ ನಡೆಯುತ್ತದೆ. ಸೈನ್ಯದ ಪಿಎಗಳದ್ದು ಇನ್ನೊಂದು ಮಾದರಿ. ಟೆಕ್ಸಸ್‌ನಲ್ಲಿ ಅಮೆರಿಕದ ಸೈನ್ಯ ಮತ್ತು ಬೇಲರ್ ವಿಶ್ವವಿದ್ಯಾಲಯ ಸೇರಿ ಎಮರ್ಜೆನ್ಸಿ ವಿಭಾಗದಲ್ಲಿ ರೆಸಿಡೆನ್ಸಿ ಕೊಟ್ಟು, ಅದರ ಜೊತೆಗೆ ಡಾಕ್ಟರೇಟ್ ಕೊಡುವ ಪದ್ಧತಿ ತಂದರು. ಅಲ್ಲಿ ಪದವಿಯ ಹಿಂದೆ ರೋಗಿಯ ಪಕ್ಕ ನಿಂತ ತಿಂಗಳುಗಳಿವೆ. ಪಿಎಗಳಿಗೆ ಡಾಕ್ಟರೇಟ್ ಅಂದರೆ ಹೀಗಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಎಲ್ಲ ಹೊಸಬರಿಗೂ ಡಾಕ್ಟರೇಟ್ ಕಡ್ಡಾಯ ಮಾಡುವುದು. ನೀವು ಇದನ್ನು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ನಾನು ಅದಕ್ಕೆ ಪೂರ್ತಿ ವಿರುದ್ಧ.

ನಿಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡರಮ್‌ನಲ್ಲೇ ಈ ವೃತ್ತಿ ಹುಟ್ಟಿತು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದ ನಾಲ್ಕು ಜನರನ್ನು ಸೇರಿಸಿಕೊಂಡರು. 1967ರ ಅಕ್ಟೋಬರ್ 6ರಂದು ಅವರಲ್ಲಿ ಮೂವರು ಓದು ಮುಗಿಸಿ ಹೊರಬಂದರು. ಡಾಕ್ಟರ್‌ಗಳ ಕೊರತೆ ಇತ್ತು. ಗಾಯ ಕಟ್ಟಿ, ಜೀವ ಉಳಿಸಿ ಅನುಭವ ಇದ್ದವರು ಊರಿಗೆ ಬಂದು ಕೆಲಸ ಹುಡುಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಡಾಕ್ಟರ್‌ಗಳನ್ನು ಬೇಗ ತಯಾರು ಮಾಡಿದ ಪಾಠಕ್ರಮದ ಅನುಭವ ಸ್ಟೆಡ್ ಅವರಿಗಿತ್ತು. ಎರಡು ವರ್ಷದಲ್ಲಿ ಕೆಲಸಕ್ಕೆ ಬರುವ ಹಾಗೆ ಕಲಿಸಬಹುದು ಅಂತ ತೋರಿಸಿದರು. ಈ ವೃತ್ತಿಗೆ ಜನ ಬರುವುದೇ ಅದಕ್ಕೆ. ಇಪ್ಪತ್ತೇಳು ತಿಂಗಳಲ್ಲಿ, ಸುಮಾರು ಎರಡು ಸಾವಿರ ಗಂಟೆ ಆಸ್ಪತ್ರೆ ತರಬೇತಿ ಪಡೆದು, ರೋಗಿ ನೋಡಲು ಸಿದ್ಧರಾಗುತ್ತಾರೆ.

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬ ಹತ್ತು ವರ್ಷ ಆಂಬುಲೆನ್ಸ್‌ನಲ್ಲಿ ದುಡಿದು ಬಂದವನು. ಮನೆಯಲ್ಲಿ ಅವನ ಸಂಬಳವೇ ಆಧಾರ. ಎರಡು ವರ್ಷ ದುಡಿಯದೆ ಓದಲು ಅವನೂ ಹೆಂಡತಿಯೂ ಆರು ವರ್ಷ ದುಡ್ಡು ಕೂಡಿಟ್ಟಿದ್ದರು. ಇವತ್ತು ಒಂದು ಹಳ್ಳಿಯ ಕ್ಲಿನಿಕ್‌ನಲ್ಲಿದ್ದಾನೆ, ಆ ಊರಿಗೆ ಡಾಕ್ಟರ್ ಬರುವುದು ವಾರಕ್ಕೆರಡು ದಿನ. ಓದು ಮೂರನೇ ವರ್ಷಕ್ಕೆ ಎಳೆದಿದ್ದರೆ ಅವನು ಬರುತ್ತಲೇ ಇರಲಿಲ್ಲ. ಇದನ್ನು ಅವನೇ ನನಗೆ ಹೇಳಿದ್ದು. ಈಗ ಸಾಲದ ಬಾಗಿಲೂ ಚಿಕ್ಕದಾಗುತ್ತಿದೆ. 2025ರ ಜುಲೈನ ಹೊಸ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಶಿಕ್ಷಣ ಸಾಲ ಇಲ್ಲ. ಸಾಮಾನ್ಯ ಗ್ರ್ಯಾಜುಯೇಟ್ ಕೋರ್ಸಿಗೆ ಸರ್ಕಾರಿ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ. 'ಪ್ರೊಫೆಷನಲ್' ಅನ್ನುವ ಪಟ್ಟಿಯಲ್ಲಿದ್ದರೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. 2025ರ ನವೆಂಬರ್‌ನಲ್ಲಿ ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಕರಡಿನಲ್ಲಿ ಆ ಪಟ್ಟಿಯಲ್ಲಿ ಪಿಎ ಇರಲಿಲ್ಲ. ಇಂಥ ಹೊತ್ತಿನಲ್ಲಿ ಇನ್ನೊಂದು ವರ್ಷದ ಫೀಸು ಸೇರಿಸಿದರೆ ಬರುವವರು ಯಾರು? ಅಪ್ಪ ಅಮ್ಮ ದುಡ್ಡು ಕಟ್ಟಬಲ್ಲವರು ಮಾತ್ರ. ನಾವು ಹುಟ್ಟಿಬಂದ ಉದ್ದೇಶಕ್ಕೇ ಇದು ವಿರುದ್ಧ ಅಲ್ವಾ?

ಸರಿ, ಈಗ ನಿಮ್ಮ ಸೋದರಮಾವನ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ನನ್ನ ಅಪ್ಪ ಕೂಡ ಬಹಳ ವರ್ಷ ನೆಂಟರ ಎದುರು "ಅಮೆರಿಕದಲ್ಲಿ ಆಸ್ಪತ್ರೆಯಲ್ಲಿದ್ದಾಳೆ" ಅಂತಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಅಸಿಸ್ಟೆಂಟ್ ಅನ್ನುವ ಮಾತಿಗೆ ನಮ್ಮಲ್ಲಿ ಇರುವ ತೂಕ ಕಡಿಮೆ. ಅದು ನೋಯಿಸುತ್ತದೆ.

ಈ ಹೆಸರು ಇಲ್ಲಿನವರಿಗೂ ತಲೆನೋವೇ. ಪಿಎಗಳ ರಾಷ್ಟ್ರೀಯ ಸಂಘ ಎಎಪಿಎ 2021ರಲ್ಲಿ ಅಸಿಸ್ಟೆಂಟ್ ಬಿಟ್ಟು 'ಫಿಸಿಶಿಯನ್ ಅಸೋಸಿಯೇಟ್' ಅಂತ ಕರೆಯಬೇಕು ಅಂದಿತು. ಕಾನೂನಿನಲ್ಲಿ ಹಾಗೆ ಬದಲಿಸಿದ ಮೊದಲ ರಾಜ್ಯ ಆರೆಗಾನ್, 2024ರಲ್ಲಿ. ಅದೇ ಬ್ರಿಟನ್‌ನಲ್ಲಿ ಉಲ್ಟಾ. ಅಲ್ಲಿ ಅಸೋಸಿಯೇಟ್ ಅಂತಲೇ ಕರೆಯುತ್ತಿದ್ದರು. ರೋಗಿಗಳು ಡಾಕ್ಟರ್ ಅಂತ ತಪ್ಪು ತಿಳಿಯುತ್ತಾರೆ ಅನ್ನುವ ದೂರು ಜೋರಾಯಿತು. 2025ರ ಜುಲೈನಲ್ಲಿ ಪ್ರೊ. ಗಿಲಿಯನ್ ಲೆಂಗ್ ಅವರ ವರದಿ ಮತ್ತೆ ಅಸಿಸ್ಟೆಂಟ್ ಅಂತಲೇ ಕರೆಯಿರಿ ಅಂದಿತು. ಭಾರತದಲ್ಲೂ ಈ ವೃತ್ತಿ ಇದೆ. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಶುರು ಮಾಡಿದರು. ನಮ್ಮ ಮಣಿಪಾಲದಲ್ಲೂ ಈ ಕೋರ್ಸ್ ಇದೆ. 2021ರ ಆರೋಗ್ಯ ವೃತ್ತಿಪರರ ಕಾಯ್ದೆಯ ಪಟ್ಟಿಯಲ್ಲಿ 'ಫಿಸಿಶಿಯನ್ ಅಸೋಸಿಯೇಟ್' ಅಂತ ಹೆಸರು ಸೇರಿದೆ. ಅಲ್ಲಿಯೂ 'ಡಾ.' ಜಗಳ ತಪ್ಪಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಫಿಸಿಯೋಥೆರಪಿಸ್ಟ್‌ಗಳು 'ಡಾ.' ಬಳಸಬಾರದು ಅಂತ ಪತ್ರ ಬರೆದು, ಕೂಡಲೇ ಅದನ್ನು ವಾಪಸ್ ತೆಗೆದುಕೊಂಡಿತು.

ಇಲ್ಲಿ ಒಂದು ಮಾತು, ಭಾರತದಲ್ಲಿ ಪಿಎ ಓದಿರುವ ತಮ್ಮ ತಂಗಿಯರಿಗೆ. ಅಮೆರಿಕದ ಆನ್‌ಲೈನ್ ಡಾಕ್ಟರೇಟ್ ಮಾಡಿದರೆ ಇಲ್ಲಿ ಪಿಎ ಆಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಆರ್‌ಸಿ-ಪಿಎ ಮಾನ್ಯತೆ ಇರುವ ಮೂಲ ಪಿಎ ಕೋರ್ಸನ್ನೇ ಇಲ್ಲಿ ಓದಿರಬೇಕು. ಇಲ್ಲದಿದ್ದರೆ ಪ್ಯಾನ್ಸ್ ಪರೀಕ್ಷೆಗೆ ಕೂರಲು ಆಗುವುದಿಲ್ಲ.

ಮತ್ತೆ ನಿಮ್ಮ ವಿಷಯಕ್ಕೆ. ಡಿಎಮ್‌ಎಸ್‌ಸಿ ಮುಗಿಸಿದಿರಿ ಅಂದುಕೊಳ್ಳಿ. ಎಮರ್ಜೆನ್ಸಿಯಲ್ಲಿ ರೋಗಿಯ ಎದುರು "ನಾನು ಡಾಕ್ಟರ್" ಅಂತ ಪರಿಚಯ ಮಾಡಿಕೊಳ್ಳುತ್ತೀರಾ? ಮಾಡಿಕೊಳ್ಳಬೇಡಿ ಅನ್ನುವುದು ನನ್ನ ಗಟ್ಟಿ ಮಾತು. ಹಲವು ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ತಡೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಡಿಎನ್‌ಪಿ ಮಾಡಿದ ಒಬ್ಬ ಎನ್‌ಪಿ ತಮ್ಮನ್ನು 'ಡಾಕ್ಟರ್' ಅಂತ ಜಾಹೀರಾತಿನಲ್ಲಿ ಕರೆದುಕೊಂಡಿದ್ದಕ್ಕೆ 2022ರಲ್ಲಿ 19,750 ಡಾಲರ್ ದಂಡ ಕಟ್ಟಬೇಕಾಯಿತು. ಕಾನೂನು ಇರಲಿ ಬಿಡಲಿ, ರೋಗಿಗೆ ಯಾರು ತನ್ನನ್ನು ನೋಡುತ್ತಿದ್ದಾರೆ ಅಂತ ತಿಳಿಯುವ ಹಕ್ಕಿದೆ. ಒಮ್ಮೆ ನನ್ನ ಶಿಫ್ಟ್‌ನಲ್ಲಿ ಮಗಳ ಮನೆಗೆ ಬಂದಿದ್ದ ಒಬ್ಬ ಹಿರಿಯರು ತಲೆಸುತ್ತು ಅಂತ ಬಂದರು. ನನ್ನ ಕನ್ನಡ ಕೇಳಿ ಮುಖ ಅರಳಿತು. "ಡಾಕ್ಟ್ರೇ, ನಮ್ಮ ಕಡೆಯವರಾ?" ಅಂದರು. ನಾನು ಡಾಕ್ಟರ್ ಅಲ್ಲ ಅಪ್ಪಾಜಿ, ಪಿಎ, ನಾನೇ ನೋಡಿ ಔಷಧಿ ಬರೆಯುತ್ತೇನೆ, ಬೇಕಾದರೆ ಡಾಕ್ಟರ್ ಕರೆಸುತ್ತೇನೆ ಅಂದೆ. ಸ್ವಲ್ಪ ಯೋಚಿಸಿ "ಅವರೂ ಒಮ್ಮೆ ನೋಡಲಿ ತಾಯಿ" ಅಂದರು. ಕರೆಸಿದೆ. ಅವರು ಹಾಗೆ ಕೇಳಲು ಆಗಿದ್ದು ನಾನು ಯಾರು ಅಂತ ಅವರಿಗೆ ಗೊತ್ತಿದ್ದರಿಂದ.

ಹಾಗಾಗಿ ಈ ಪದವಿ ಮಾಡಿದರೂ ಆಸ್ಪತ್ರೆಯಲ್ಲಿ ನೀವು ಪಿಎ. ಹಾಸನದಲ್ಲಿ ಬೇಕಾದರೆ ಡಾಕ್ಟರ್ ಅನ್ನಿಸಿಕೊಳ್ಳಬಹುದು. ಆದರೆ ಮಾವ ಮುಂದಿನ ಪ್ರಶ್ನೆ ಕೇಳುತ್ತಾರೆ, "ಯಾವ ಡಾಕ್ಟರು?" ಅಂತ. ಅದರ ಬದಲು ಮುಂದಿನ ಸಲ ನಿಮ್ಮ ಒಂದು ದಿನದ ಕೆಲಸ ಹೇಳಿ. ಬೆಳಿಗ್ಗೆ ಬಂದ ಎದೆನೋವಿನವರನ್ನು ಪರೀಕ್ಷೆ ಮಾಡಿದ್ದು, ಮಗುವಿನ ಹಣೆಗೆ ಹೊಲಿಗೆ ಹಾಕಿದ್ದು, ಮುರಿದ ಕೈಗೆ ಪಟ್ಟಿ ಕಟ್ಟಿದ್ದು, ಔಷಧಿ ಬರೆದು ಮನೆಗೆ ಕಳಿಸಿದ್ದು. ನನ್ನ ಅಪ್ಪ ಒಂದು ಸಲ ಇಲ್ಲಿ ಬಂದು ನನ್ನ ಜೊತೆಯವರ ಹತ್ತಿರ ಮಾತಾಡಿದ ಮೇಲೆ ಊರಲ್ಲಿ ಮಾತು ಬದಲಿಸುವುದನ್ನು ಬಿಟ್ಟರು.

ಒಂದು ಮಾತ್ರ ನಿಮ್ಮಷ್ಟಕ್ಕೆ ನೀವೇ ಕೇಳಿಕೊಳ್ಳಿ. ರಾತ್ರಿ ಶಿಫ್ಟ್ ಮುಗಿಸಿ ಕಾರಿನಲ್ಲಿ ಮನೆಗೆ ಬರುವಾಗ, ನಾನು ನಿಜವಾಗಿ ಡಾಕ್ಟರೇ ಆಗಬೇಕಿತ್ತು ಅನ್ನುವ ಯೋಚನೆ ಬರುತ್ತದಾ? ಬರುತ್ತದೆ ಅಂದರೆ ಡಿಎಮ್‌ಎಸ್‌ಸಿ ಆ ಆಸೆ ತೀರಿಸುವುದಿಲ್ಲ. ಪೆನ್ಸಿಲ್ವೇನಿಯದ ಲೆಕಾಮ್ ಅನ್ನುವ ಕಾಲೇಜು ಪಿಎಗಳಿಗಾಗಿಯೇ ಮೂರು ವರ್ಷದ ಡಿಒ ಕೋರ್ಸ್, ಅಂದರೆ ಡಾಕ್ಟರೇ ಆಗುವ ಕೋರ್ಸ್, ನಡೆಸುತ್ತದೆ. ಮುಗಿಸಿದ ಮೇಲೆ ಎಲ್ಲ ಡಾಕ್ಟರ್‌ಗಳಂತೆ ರೆಸಿಡೆನ್ಸಿ ಇದೆ. ಸೀಟು ಕಡಿಮೆ, ದಾರಿ ಉದ್ದ. ಮನೆಯಲ್ಲಿ ಇಬ್ಬರು ಮಕ್ಕಳಿರುವಾಗ ಅದು ಸುಮ್ನೆ ಹೇಳಿದಷ್ಟು ಸುಲಭ ಅಲ್ಲ. ಆದರೆ ಅದು ನಿಜವಾದ ದಾರಿ. ಆಸೆ ಅದೇ ಆಗಿದ್ದರೆ ನನಗೆ ಮತ್ತೆ ಬರೆಯಿರಿ, ಅದರ ಬಗ್ಗೆ ವಿವರವಾಗಿ ಮಾತಾಡೋಣ.

ಪಾಠ ಮಾಡುವ ಆಸೆ ಇದ್ದರೆ ಹೀಗೆ ಮಾಡಿ. ಹತ್ತಿರದ ಪಿಎ ಕಾಲೇಜಿಗೆ ಫೋನ್ ಮಾಡಿ, ನಿಮ್ಮ ಎಮರ್ಜೆನ್ಸಿಗೆ ತರಬೇತಿಗೆ ಬರುವ ವಿದ್ಯಾರ್ಥಿಗಳನ್ನು ನಾನು ನೋಡಿಕೊಳ್ಳುತ್ತೇನೆ ಅನ್ನಿ. ಹೀಗೆ ಕೆಲಸದ ಜಾಗದಲ್ಲೇ ಕಲಿಸುವ ಪ್ರಿಸೆಪ್ಟರ್‌ಗಳು ಸಿಗದೆ ನಾವೆಲ್ಲ ಒದ್ದಾಡುತ್ತಿದ್ದೇವೆ, ಖುಷಿಯಿಂದ ಒಪ್ಪುತ್ತಾರೆ. ಒಂದು ವರ್ಷ ಮಾಡಿ ನೋಡಿ. ಅದರಲ್ಲಿ ಮನಸ್ಸು ನಿಂತರೆ ಆಗ ಡಾಕ್ಟರೇಟ್‌ಗೆ ಅರ್ಥ ಬರುತ್ತದೆ. ಓದಿನ ಖರ್ಚಿಗೆ ನಿಮ್ಮ ಆಸ್ಪತ್ರೆ ಸಹಾಯ ಕೊಡುತ್ತದಾ ಅಂತಲೂ ಆಗ ವಿಚಾರಿಸಿ. ಹಾಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ನಿಮಗೆ ಆದಾಯ ತೆರಿಗೆ ಬೀಳುವುದಿಲ್ಲ.

15ನೇ ತಾರೀಖಿಗೆ ಡೆಪಾಸಿಟ್ ಕಟ್ಟಬೇಡಿ. ಸೀಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಡುತ್ತೀರಾ ಅಂತ ಅವರಿಗೆ ಬರೆಯಿರಿ. ಇಲ್ಲ ಅಂದರೂ ಚಿಂತೆ ಇಲ್ಲ, ಈ ಕೋರ್ಸ್‌ಗಳು ವಿದ್ಯಾರ್ಥಿಗಳನ್ನು ಹುಡುಕುತ್ತಿವೆ. ನೀವು ಕೇಳಿದಾಗ ಮತ್ತೆ ಸಿಗುತ್ತದೆ.